ಎನ್ಕ ಹಾಡಿದ್ದಕ್ಕೆ

ಚಿತ್ತವಾಡ್ಗಿ, ಹೊಸಪೇಟೆ
9 ಫೆಬ್ರವರಿ 2006

ಪ್ರೀತಿಯ ಐಶ್ವರ್ಯಳ ಅಪ್ಪನಿಗೆ, ದೇವಿಕಾ ಮಾಡುವ ನಮಸ್ಕಾರ.

ಹೇಗಿದ್ದೀರಿ? ಕೆಮ್ಮು ಕಡಿಮೆಯಾಯಿತೇ? ಗೋವಾದ ಆ ಬಂದರಿನ ಧಕ್ಕೆಯಲ್ಲಿ ಬಾರ್ಜಿಗೆ ಅದಿರು ಸುರಿಯುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ ಎಂದು ನಾನು ಪ್ರತಿ ಸಲ ಹೇಳುತ್ತೇನೆ, ನೀವು ಪ್ರತಿ ಸಲ ಹೂಂ ಎನ್ನುತ್ತೀರಿ. ಇಲ್ಲಿಯೂ ಧೂಳಿಗೇನು ಬರವಿಲ್ಲ. ಐಶ್ವರ್ಯಳ ಸ್ಕೂಲಿನ ಬಿಳಿ ಅಂಗಿ ಹಗ್ಗದ ಮೇಲೆ ಒಣಗುವುದರೊಳಗೆ ಕೆಂಪಾಗಿರುತ್ತದೆ. ಅವಳಿಗೆ ಮುಂದಿನ ಹಲ್ಲು ಬಿದ್ದಿದೆ, ಕೈ ಅಡ್ಡ ಹಿಡಿದುಕೊಂಡು ನಗುತ್ತಾಳೆ. ಅತ್ತೆಯ ಮೊಣಕಾಲು ನೋವು ಹಾಗೇ ಇದೆ, ಆದರೂ ರೊಟ್ಟಿ ತಾವೇ ಬಡಿಯಬೇಕು, ಬೇರೆಯವರು ಬಡಿದದ್ದು ದಪ್ಪ.

ಮೊನ್ನೆ ಫೋನಿನಲ್ಲಿ ನೀವು ಕೂಗಿದಿರಿ. "ಬಾರಿನ್ಯಾಗ ಹಾಡ್ತಿಯಂತ, ಮಂದಿ ಮುಂದ ನನ್ನ ತಲಿ ತಗ್ಗಿಸಿದಿ" ಎಂದಿರಿ. ನಾನು ಬಾಯಿ ತೆರೆಯುವ ಮೊದಲೇ ಫೋನ್ ಇಟ್ಟಿರಿ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಇದನ್ನು ಹರಿದು ಹಾಕಿದರೂ ಓದಿಯೇ ಹರಿಯುತ್ತೀರಿ, ನಿಮ್ಮ ಗುಣ ನನಗೆ ಗೊತ್ತಿಲ್ಲವೇ? ನಿಮ್ಮ ಅಣ್ಣ ನಿಮಗೆ ಹೇಳಿದ್ದು ಒಂದು, ನಡೆದದ್ದು ಇನ್ನೊಂದು. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ನಾನು ರಿಸೆಪ್ಷನ್ನಿನಲ್ಲಿ ಕೂರುವ ಹೋಟೆಲಿಗೆ ದಸರಾ ಮುಗಿದ ಮೇಲೆ ಮಿಯಾಟಾ ಎಂಬ ಜಪಾನಿನ ಹಿರಿಯರೊಬ್ಬರು ಬಂದು ಇಳಿದರು. ಸಂಡೂರಿನಿಂದ ಅವರ ದೇಶಕ್ಕೆ ಹೋಗುವ ಅದಿರಿನ ಗುಣಮಟ್ಟ ನೋಡುವುದು ಅವರ ಕೆಲಸ. ಬೆಳಿಗ್ಗೆ ಬಿಳಿ ಟೋಪಿ ಹಾಕಿಕೊಂಡು ಹೋಗಿ ಸಂಜೆ ಕೆಂಪು ಟೋಪಿಯಲ್ಲಿ ವಾಪಸಾಗುತ್ತಿದ್ದರು. ಭಾನುವಾರ ಸಂಜೆ ಮಾತ್ರ ಊಟದ ಹಾಲ್‌ನಲ್ಲಿರುವ ಟೀವಿಗೆ ತಮ್ಮ ಕರೋಕೆ ಯಂತ್ರ ಜೋಡಿಸುತ್ತಿದ್ದರು. ಅದರಲ್ಲಿ ವಾದ್ಯವಷ್ಟೇ ನುಡಿಯುತ್ತದೆ, ಪದಗಳು ಟೀವಿಯ ಮೇಲೆ ಓಡುತ್ತವೆ, ಹಾಡಬೇಕಾದವರು ನಾವು. ಅವರು ಕೋಟಿನ ಗುಂಡಿ ಹಾಕಿಕೊಂಡು, ಮೈಕನ್ನು ಎರಡೂ ಕೈಯಲ್ಲಿ ಹಿಡಿದು, ದೇವರ ಮುಂದೆ ನಿಂತ ಹಾಗೆ ನಿಂತು ಹಾಡುತ್ತಿದ್ದರು. ಅಡುಗೆಯವರು ಬಾಗಿಲ ಸಂದಿಯಲ್ಲಿ ನಿಂತು ನಗುತ್ತಿದ್ದರು. ಮೊದಲ ವಾರ ನಾನೂ ನಕ್ಕೆ.

ಮುಂದಿನ ವಾರ ನಗು ಬರಲಿಲ್ಲ. ಅವರು ಒಂದು ಅಕ್ಷರವನ್ನು ಎಳೆದು, ಅದರ ತುದಿಯಲ್ಲಿ ದನಿಯನ್ನು ನಡುಗಿಸಿ, ಒಳಕ್ಕೆ ಮಡಚಿಕೊಂಡು, ಮತ್ತೆ ಮೇಲೆತ್ತಿದರು. ಕಂಪ್ಲಿಯ ಗದ್ದೆಯಲ್ಲಿ ನಾಟಿ ಹಚ್ಚುವಾಗ ನನ್ನ ಅವ್ವ ಹೀಗೆಯೇ ಹಾಡುತ್ತಿದ್ದಳು. ಕೆಸರಿನಲ್ಲಿ ಬಗ್ಗಿದ ಹೆಂಗಸರೆಲ್ಲ ಆ ಎಳೆತಕ್ಕೆ ಸರಿಯಾಗಿ ಹಿಂದಕ್ಕೆ ಹೆಜ್ಜೆ ಇಡುತ್ತಿದ್ದರು. ಅವ್ವ ಸತ್ತ ಮೇಲೆ ಆ ದನಿ ಇನ್ನು ಕೇಳಲಾರೆ ಅಂದುಕೊಂಡಿದ್ದೆ. ಇದ್ಯಾವ ಹಾಡು ಎಂದು ತಡೆಯಲಾರದೆ ಕೇಳಿಯೇಬಿಟ್ಟೆ. "ಎನ್ಕ" ಎಂದರು. ಅವರ ಹರೆಯದ ಕಾಲದ ಹಾಡುಗಳಂತೆ. ಬಂದರು, ಹಿಮ, ಊರು ಬಿಟ್ಟು ಹೋದವರು, ಹೆಂಡದ ಬಟ್ಟಲು ಮುಂದಿಟ್ಟುಕೊಂಡು ಅವರನ್ನು ನೆನೆಯುವವರು, ಇದೇ ಸಂಗತಿ. ಒಂದು ಹಾಡಿನಲ್ಲಿ ಹಡಗು ಹೊರಟುಹೋದ ಮೇಲೆ ಹೆಂಗಸೊಬ್ಬಳು ಧಕ್ಕೆಯಲ್ಲಿ ಒಬ್ಬಳೇ ನಿಂತಿರುತ್ತಾಳೆ. ಅಳುವುದಿಲ್ಲ, ಹಡಗನ್ನು ಬೈಯುತ್ತಾಳೆ. ನನಗೆ ಅದನ್ನು ಕಲಿಸಿ ಎಂದೆ. ನೀವೂ ಧಕ್ಕೆಯಲ್ಲೇ ಇದ್ದೀರಲ್ಲ, ಅದಕ್ಕೆ.

ಲಾಂಡ್ರಿ ಚೀಟಿಗಳ ಹಿಂದೆ ಕನ್ನಡ ಅಕ್ಷರದಲ್ಲಿ ಬರೆದುಕೊಂಡು ಕಲಿತೆ. ಅವರ ಮಾತುಗಳೂ ಹೆಚ್ಚಾಗಿ ನಮ್ಮ ಮಾತಿನ ಹಾಗೆ ಸ್ವರದಲ್ಲೇ ಮುಗಿಯುತ್ತವೆ, ನಾಲಿಗೆಗೆ ಕಷ್ಟವಾಗಲಿಲ್ಲ. ಕಷ್ಟವಾದದ್ದು ದನಿ. ನಾನು ಹಾಡುತ್ತ ಅತ್ತುಬಿಡುತ್ತಿದ್ದೆ. ಅವರು ತಮ್ಮ ಅರೆಬರೆ ಇಂಗ್ಲಿಷಿನಲ್ಲಿ, ಅಳು ಗಂಟಲಿಗೆ ಬರಬೇಕು, ಕಣ್ಣಿಗೆ ಬರಬಾರದು, ಅಲ್ಲೇ ಹಿಡಿದು ನಿಲ್ಲಿಸಬೇಕು ಎಂದು ಹೇಳಿಕೊಟ್ಟರು. ಇದಿಷ್ಟೂ ಹಗಲು ಬೆಳಕಿರುವಾಗ, ಅಡುಗೆಯವರು ಓಡಾಡುವ ಊಟದ ಹಾಲ್‌ನಲ್ಲಿ. ಅದು ಬಾರ್ ಅಲ್ಲ.

ಹೋದ ಭಾನುವಾರ ಅವರಿಗೆ ಬೀಳ್ಕೊಡುಗೆಯ ಊಟವಿತ್ತು. ಗಣಿಯ ಕಡೆಯವರೆಲ್ಲ ಬಂದಿದ್ದರು. ಮುಂದಿನ ಮೇಜಿನಲ್ಲಿ ಕುಳಿತಿದ್ದವನು ಉಚ್ಚೆಂಗಪ್ಪ, ನಿಮ್ಮ ಅಣ್ಣನ ಟಿಪ್ಪರ್‌ಗಳಿಗೆ ಬಾಡಿಗೆ ಕೊಡಿಸುವ ಅದೇ ಗುತ್ತಿಗೆದಾರ. ಮಿಯಾಟಾ ಅವರು ಎಲ್ಲರ ಎದುರು ನನಗೆ ತಲೆ ಬಾಗಿಸಿ ಮೈಕ್ ಕೊಟ್ಟರು. ಹಾಡಿದೆ. ಅರ್ಧಕ್ಕೆ ಬಂದಿದ್ದೆ, ಉಚ್ಚೆಂಗಪ್ಪ ಎದ್ದ. "ಏ, ಸಾಕ್ ಮಾಡವಾ ಈ ಚೀನಾ ಹಾಡು. ಒಂದು ಮಸ್ತ್ ಸಿನಿಮಾ ಹಾಡು ಹೇಳು, ಹಂಗ ಎರಡು ಸ್ಟೆಪ್ ಹಾಕು" ಎನ್ನುತ್ತ ಬಂದು ನನ್ನ ಮುಂಗೈ ಹಿಡಿದು ಎಳೆದ. ಬಳೆ ಒಡೆದು ಚುಚ್ಚಿತು. ನಾನು ಮೈಕನ್ನು ಬಾಯಿಂದ ಸರಿಸಲಿಲ್ಲ. "ಕೈ ಬಿಡ್ರಿ. ಹಾಡು ಮುಗಿಯೋತನಕ ಸುಮ್ಮನ ಕುಂದ್ರಿ. ಕುಂದ್ರಾಕ ಆಗಂಗಿಲ್ಲಂದ್ರ ಬಾಗ್ಲು ಅಲ್ಲೈತಿ" ಎಂದೆ. ಸ್ಪೀಕರಿನಲ್ಲಿ ಅದು ರಸ್ತೆಯವರೆಗೂ ಕೇಳಿಸಿರಬೇಕು. ವಾದ್ಯ ತನ್ನ ಪಾಡಿಗೆ ಮುಂದೆ ಹೋಗುತ್ತಿತ್ತು. ಅವನು ಕೈ ಬಿಟ್ಟ. ನಾನು ಮುಂದಿನ ಸಾಲು ಹಿಡಿದು ಹಾಡು ಮುಗಿಸಿದೆ. ಆ ಹೆಂಗಸು ಹಡಗಿಗೆ ಬೈದದ್ದೆಲ್ಲ ಅವತ್ತು ನನ್ನ ಬಾಯಿಂದ ಒಂದಕ್ಷರ ತಪ್ಪದೆ ಬಂತು. ಉಚ್ಚೆಂಗಪ್ಪ ಊಟ ಬಿಟ್ಟು ಎದ್ದು ಹೋದ.

ಮರುದಿನ ಮ್ಯಾನೇಜರ್ ಪಾಲಪ್ಪನವರು, "ತಪ್ಪಾತು ಅಂತ ಒಂದು ಮಾತು ಅಂದುಬಿಡ್ರಿ ದೇವಿಕಾ, ದೊಡ್ಡ ಮಂದಿ" ಎಂದರು. ಅನ್ನಂಗಿಲ್ರಿ ಎಂದೆ. ತಲೆ ಕೆರೆದುಕೊಂಡು ಒಳಗೆ ಹೋದರು. ತೆಲುಗು, ಹಿಂದಿ, ಇಂಗ್ಲಿಷ್ ಮೂರನ್ನೂ ಸಂಭಾಳಿಸುವವಳು ಅಲ್ಲಿ ನಾನೊಬ್ಬಳೇ, ಅದು ಅವರಿಗೂ ಗೊತ್ತು. ಮನೆಯಲ್ಲಿ ಮಾತ್ರ ದುರುಗಣ್ಣ ಭಾವ ಕುದಿಯುತ್ತಿದ್ದಾರೆ. "ನಿನ್ನ ಹಾಡಿನ ಸಲುವಾಗಿ ನನ್ನ ಗಾಡಿ ನಿಂತಾವ. ಐತಾರ ಅವ್ರ ಮನಿಗೆ ಹೋಗಿ ಕಾಲಿಗೆ ಬಿದ್ದು ಬಾ. ಇಲ್ಲಂದ್ರ ಈ ಮನ್ಯಾಗ ನಿನಗ ಜಾಗ ಇಲ್ಲ" ಎಂದಿದ್ದಾರೆ. ಅವನು ನನ್ನ ಕೈ ಹಿಡಿದು ಎಳೆದನೆಂದು ಅವರು ನಿಮಗೆ ಹೇಳಿದರೇ? ಹೇಳಿರಲಾರರು. ಟಿಪ್ಪರ್ ನಿಂತದ್ದು ನನಗೂ ಸಂಕಟವೇ, ಆ ಮನೆಯ ಅನ್ನ ನಾನೂ ತಿಂದಿದ್ದೇನೆ. ಆದರೆ ನಿಲ್ಲಿಸಿದವನು ಉಚ್ಚೆಂಗಪ್ಪ, ನಾನಲ್ಲ. ನಿಮಗೆ ಕೋಪ ಬರಲಿ, ಬರಬೇಕು ಕೂಡ. ಬರುವುದು ಅವನ ಮೇಲೆ ಬರಲಿ.

ಮಿಯಾಟಾ ಅವರು ಹೊರಡುವಾಗ ಯಂತ್ರವನ್ನು ನನಗೇ ಬಿಟ್ಟು ಹೋದರು. ಹಂಪಿ ನೋಡಲು ಬರುವ ಜಪಾನಿನ ಹಿರಿಯರು ನಮ್ಮಲ್ಲೇ ಇಳಿಯುತ್ತಾರೆ, ಇನ್ನು ಮುಂದೆ ಭಾನುವಾರ ಅವರೊಂದಿಗೆ ನಾನೂ ಹಾಡುತ್ತೇನೆ. ನಿಮ್ಮ ಒಪ್ಪಿಗೆ ಕೇಳುತ್ತಿಲ್ಲ, ತಿಳಿಸುತ್ತಿದ್ದೇನೆ. ನೀವು ಬಂದ ದಿನ ಮುಂದಿನ ಕುರ್ಚಿಯಲ್ಲಿ ಕುಳಿತು ಕೇಳಿ. ಆಮೇಲೂ ತಲೆ ತಗ್ಗಿಸಬೇಕು ಅನ್ನಿಸಿದರೆ ನನ್ನ ಮುಖ ನೋಡಿ ಹೇಳಿ.

ಹೊತ್ತಿಗೆ ಸರಿಯಾಗಿ ಊಟ ಮಾಡಿ. ಐಶ್ವರ್ಯ ಎರಡು ಮುತ್ತು ಕಳಿಸಿದ್ದಾಳೆ. ಜಂಬುನಾಥಸ್ವಾಮಿ ನಿಮ್ಮನ್ನು ಕಾಯಲಿ, ಜೊತೆಗೆ ಸ್ವಲ್ಪ ಬುದ್ಧಿಯನ್ನೂ ಕೊಡಲಿ.

ಸಿಟ್ಟಿದ್ದರೂ ನಿಮ್ಮವಳೇ ಆದ,
ದೇವಿಕಾ

ತಾ.ಕ.: ಅಂಚೆಗೆ ಹಾಕುವುದು ತಡವಾಗಿ ಭಾನುವಾರ ಬಂದುಬಿಟ್ಟಿತು. ನಾನು ಕಾಲಿಗೆ ಬೀಳಲು ಹೋಗಲಿಲ್ಲ. ಐಶ್ವರ್ಯಳನ್ನು ಕರೆದುಕೊಂಡು ಮಲಪನಗುಡಿಗೆ ಬಂದಿದ್ದೇನೆ, ಹಳೆಯ ಮೆಟ್ಟಿಲು ಬಾವಿಯ ಹತ್ತಿರ ಒಂದು ಕೋಣೆ ಸಿಕ್ಕಿದೆ. ಆಟೋಗೆ ಸಾಮಾನು ಹಾಕುವಾಗ ಅತ್ತೆ ಗೋಡೆ ಹಿಡಿದುಕೊಂಡು ಹೊರಗೆ ಬಂದು, ನಮಗಿಂತ ಮೊದಲು ಹತ್ತಿ ಕುಳಿತರು. "ನೀ ಎಲ್ಲಿಗಬೇ ಅವ್ವಾ?" ಎಂದು ಭಾವ ಗಾಬರಿಯಾದರು. "ಹಾಡಿದಾಕೀನ ಮನಿ ಬಿಡಿಸೋದಾದ್ರ ಮೊದ್ಲು ನನ್ನ ಬಿಡಿಸಬೇಕಿತ್ತಲೇ. ಬೀಸೋಕಲ್ಲಿನ ಮುಂದ ನಾ ಹಾಡಿದ್ದಕ್ಕ ನೀವಿಬ್ರೂ ನಿದ್ದಿ ಮಾಡಿ ದೊಡ್ಡವರಾದ್ರಿ" ಎಂದರು. ಈಗ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಾರೆ. ಯುಗಾದಿಗೆ ಬರುವುದಾದರೆ ಸೀದಾ ಇಲ್ಲಿಗೇ ಬನ್ನಿ, ನಿಮ್ಮ ಅವ್ವ ಇಲ್ಲಿದ್ದಾರೆ.