ತಾಯಿ ಅಥವಾ ತಂದೆ ಮಾತ್ರ

ರಾಮನಾಥಪುರ
24-8-2025, ಭಾನುವಾರ

ಪ್ರೀತಿಯ ಅಕ್ಕನಿಗೆ ನಿನ್ನ ಪ್ರೇಮ ಮಾಡುವ ನಮಸ್ಕಾರಗಳು.

ನಾನು ಚೆನ್ನಾಗಿದ್ದೇನೆ. ನೀನು, ಭಾವ, ನಿನ್ನ ಮಗ ಅಶೋಕ, ನನ್ನ ನಿಸರ್ಗ ಎಲ್ಲರೂ ಕ್ಷೇಮ ಎಂದು ನಿನ್ನೆ ಫೋನಿನಲ್ಲೇ ತಿಳಿಯಿತು. ಮತ್ತೆ ಕಾಗದ ಯಾಕೆ ಎಂದು ನಗಬೇಡ. ಫೋನ್ ಎತ್ತಿದ ಕೂಡಲೇ ನೀನು ಸ್ಪೀಕರ್ ಹಾಕುತ್ತೀಯ, ಮಕ್ಕಳಿಬ್ಬರೂ ಪಕ್ಕದಲ್ಲೇ ಇರುತ್ತಾರೆ. ಅವರು ಕೇಳುವಂಥ ಮಾತಲ್ಲ ಇದು.

ಮೊದಲು ತಪ್ಪು ಒಪ್ಪಿಕೊಂಡುಬಿಡುತ್ತೇನೆ. ನಾನು ಚನ್ನರಾಯಪಟ್ಟಣಕ್ಕೆ ಬಾರದೆ ಇವತ್ತಿಗೆ ಮೂರು ಭಾನುವಾರವಾಯಿತು. ಟ್ರೈನಿಂಗ್ ಇದೆ ಎಂದೆನಲ್ಲ, ಯಾವ ಟ್ರೈನಿಂಗೂ ಇಲ್ಲ ಅಕ್ಕ. ನಿನ್ನೆಯೂ ಮಧ್ಯಾಹ್ನ ಬ್ಯಾಗು ಹಿಡಿದು ಅರಕಲಗೂಡಿನ ಬಸ್ಸಿಗೆ ನಿಂತೆ. ಬಸ್ಸು ಬಂತು, ಕಂಡಕ್ಟರು ಎರಡು ಸಲ ಕರೆದ, ಹತ್ತಲಿಲ್ಲ. ರೂಮಿಗೆ ವಾಪಸ್ಸು ಬಂದು ಬಾಗಿಲು ಹಾಕಿಕೊಂಡೆ. ಯಾಕೆ ಎಂದು ಹೇಳುತ್ತೇನೆ, ಸ್ವಲ್ಪ ತಾಳು.

ಒಬ್ಬಳಿಗೇ ಅಡುಗೆ ಮಾಡುವುದರಂಥ ಬೇಜಾರು ಇನ್ನೊಂದಿಲ್ಲ. ಅರ್ಧ ಲೋಟ ಅಕ್ಕಿ ಹಾಕಿದರೂ ಅನ್ನ ಮಿಗುತ್ತದೆ. ಸಂಜೆ ಓನರ್ ಮನೆಯಲ್ಲಿ ಟೀವಿ ಹಾಕಿದರೆ ನಾನು ಬಾಗಿಲು ಅರ್ಧ ತೆರೆದಿಟ್ಟು ಅವರ ಸೀರಿಯಲ್ಲಿನ ಜಗಳ ಕೇಳುತ್ತಾ ಊಟ ಮಾಡುತ್ತೇನೆ. ಯಾರದಾದರೂ ಸರಿ, ಒಂದು ದನಿ ಕಿವಿಗೆ ಬಿದ್ದರೆ ತುತ್ತು ಇಳಿಯುತ್ತದೆ. ನಮ್ಮ ಯಜಮಾನರಿಗೆ ರಾಯಚೂರಿನಲ್ಲಿ ಶಿಫ್ಟ್ ಡ್ಯೂಟಿ, ಫೋನ್ ಮಾಡಿದರೂ ಅರ್ಧ ಮಾತಿಗೆ ನಿದ್ದೆ ಹೋಗುತ್ತಾರೆ.

ಸ್ಕೂಲಿನ ವಿಷಯಕ್ಕೆ ಬರುತ್ತೇನೆ. ನನ್ನದು ನಲಿಕಲಿ ತರಗತಿ, ಒಂದರಿಂದ ಮೂರನೆಯ ಕ್ಲಾಸಿನ ಹತ್ತೊಂಬತ್ತು ಮಕ್ಕಳು ಒಂದೇ ಕೋಣೆಯಲ್ಲಿ ಚಾಪೆಯ ಮೇಲೆ ಗುಂಪುಗುಂಪಾಗಿ ಕೂತು ಕಲಿಯುತ್ತಾರೆ. ಕಳೆದ ವರ್ಷ ಕೆಲಸಕ್ಕೆ ಸೇರಿದಾಗಿನಿಂದ ಒಂದು ಆಸೆಯಿತ್ತು. ಪೋಷಕರ ಸಭೆ ಎಂದರೆ ಬಿಸ್ಕತ್ತು, ಸಹಿ, ಮುಗಿಯಿತು. ಅದರ ಬದಲು ಪ್ರತಿ ಶನಿವಾರ ಒಂದು ಮಗುವಿನ ಮನೆಯವರು ಬಂದು ಚಾಪೆಯ ಮೇಲೆ ಮಗುವಿನ ಪಕ್ಕ ಒಂದು ಗಂಟೆ ಕೂರಬೇಕು, ತಾನು ಕಲಿತದ್ದನ್ನು ಮಗುವೇ ಅವರಿಗೆ ತೋರಿಸಬೇಕು ಎಂದು ಈ ಜೂನಿನಲ್ಲಿ ಶುರು ಮಾಡಿದೆ. ಮೊದಲ ವಾರ ಒಬ್ಬರು ಪಕ್ಕದ ಮನೆಯವರನ್ನು ಕಳಿಸಿದರು, ಮುಂದಿನ ವಾರ ಇನ್ನೊಬ್ಬರು ಹೈಸ್ಕೂಲಿನ ಅಣ್ಣನನ್ನು. ನನ್ನ ಹಟ ನಿನಗೆ ಗೊತ್ತಲ್ಲ. ಚೀಟಿಯಲ್ಲಿ ದೊಡ್ಡದಾಗಿ ಬರೆದೆ: ‘ತಾಯಿ ಅಥವಾ ತಂದೆ ಮಾತ್ರ’. ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದನಂತೆ, ಹಾಗೆ.

ಜುಲೈ ಕೊನೆಯ ಶನಿವಾರ ಎರಡನೆಯ ಕ್ಲಾಸಿನ ಶೋಭಿತಾಳ ಸರದಿ. ಬಂದವರು ಅವಳ ಅಜ್ಜಿ ಮಾಯಮ್ಮ. ಹೊಗೆಸೊಪ್ಪಿನ ಕಾಲ ಇದು, ಊರಿಗೆ ಊರೇ ಎಲೆ ಮುರಿದು ಕಡ್ಡಿಗೆ ಕಟ್ಟಿ, ಬೆಂಕಿಯ ಕಾವಿನಲ್ಲಿ ಒಣಗಿಸುವ ಬ್ಯಾರನ್ನಿಗೆ ಏರಿಸುವುದರಲ್ಲಿ ಮುಳುಗಿರುತ್ತದೆ. ಆಕೆ ಅರ್ಧ ದಿನದ ಕೂಲಿ ಬಿಟ್ಟು, ಒಗೆದ ಸೀರೆ ಉಟ್ಟು ಬಂದಿದ್ದರು. ಕೈ ಎಷ್ಟು ತಿಕ್ಕಿದರೂ ಹೋಗದ ಸೊಪ್ಪಿನ ಅಂಟು ಕಪ್ಪಗಿತ್ತು. ಚೀಟಿಯನ್ನು ಮಡಚಿ ಹಿಡಿದಿದ್ದರು, ಓದಲು ಬರುವುದಿಲ್ಲ. ಶೋಭಿತಾ ಆಗಲೇ ತನ್ನ ಕಲಿಕೆಯ ಕಾರ್ಡುಗಳನ್ನು ಸಾಲಾಗಿ ಜೋಡಿಸಿಟ್ಟಿದ್ದಳು.

“ಅಜ್ಜಿ, ನೀವಲ್ಲ. ಇವಳ ತಾಯಿ ಬರಬೇಕು” ಎಂದೆ, ಎಲ್ಲರ ಮುಂದೆ. ಆಕೆ “ಆಯ್ತು ಕಣವ್ವ” ಎಂದಷ್ಟೇ ಹೇಳಿ ಚಪ್ಪಲಿ ಮೆಟ್ಟಿಕೊಂಡು ಹೋದರು. ಮಗು ಕಾರ್ಡುಗಳನ್ನು ಒಂದೊಂದಾಗಿ ಎತ್ತಿ ಡಬ್ಬಿಗೆ ಹಾಕಿತು. ಸೋಮವಾರದಿಂದ ಸ್ಕೂಲಿಗೇ ಬರಲಿಲ್ಲ.

ಒಂದು ವಾರ ಕಾದು ಹೆಡ್‌ಮಾಸ್ಟರು ಮೋಹನ್‌ಕುಮಾರ್ ಅವರನ್ನು ಕೇಳಿದೆ. “ಅಯ್ಯೋ ಮೇಡಂ, ಆ ಮಗುಗೆ ಅಪ್ಪ ಇಲ್ಲ. ತಾಯಿ ಧನಲಕ್ಷ್ಮಿ ಹಾಸನದಲ್ಲಿ ಗಾರ್ಮೆಂಟ್ಸ್‌ಗೆ ಹೋಗ್ತಾಳೆ, ಹಬ್ಬಕ್ಕೊಂದ್ಸಲ ಬಂದ್ರೆ ಬಂದ್ಲು. ನನ್ನ ಒಂದು ಮಾತು ಕೇಳಬಾರ್ದಿತ್ತಾ?” ಎಂದರು. ಮಗಳನ್ನು ನಿನ್ನ ಮಡಿಲಿಗೆ ಹಾಕಿ ಬಂದು ಇಲ್ಲಿ ಸಂಬಳ ಎಣಿಸುತ್ತಿರುವವಳು ನಾನು. ಈ ಮಾತು ಆಡುವುದಕ್ಕೆ ನನಗೆ ಯಾವ ಬಾಯಿತ್ತು?

ಮರುದಿನ ಸ್ಕೂಲು ಬಿಟ್ಟ ಮೇಲೆ ಆ ಅಜ್ಜಿ ಕೆಲಸ ಮಾಡುವ ಬ್ಯಾರನ್ ಹತ್ತಿರ ಹೋದೆ. ಮಾಯಮ್ಮ, ಅವರ ಗಂಡ ಗುಂಡಯ್ಯ ಸೊಪ್ಪಿನ ರಾಶಿಯ ಮುಂದೆ ಕೂತಿದ್ದರು. ಶೋಭಿತಾ ಎಲೆ ಎತ್ತಿ ಕೊಡುತ್ತಿದ್ದಳು. ನನ್ನನ್ನು ಕಂಡದ್ದೇ ಅಜ್ಜಿಯ ಬೆನ್ನ ಹಿಂದೆ ಸರಿದಳು. ತಪ್ಪಾಯಿತು ಎಂದೆ. ಮಾಯಮ್ಮ ಕೈ ನಿಲ್ಲಿಸದೆ, “ನಿಮ್ದೇನ್ ತಪ್ಪು ಬುಡಿ ಮೇಡಮ್ಮೋರೆ. ಚೀಟೀಲಿ ಅಂಗಿತ್ತು, ನೀವ್ ಅಂಗಂದ್ರಿ. ಇವ್ಳು ಮನೆಗ್ ಬಂದೋಳೆ ‘ನೀನು ನಮ್ಮವ್ವ ಅಲ್ವಂತೆ, ಮತ್ತೆ ನಂಗೆ ಯಾರು ನೀನು?’ ಅಂತ ಕೇಳುದ್ಲು ಕಣವ್ವ. ಮೂರ್ ತಿಂಗ್ಳು ಮಗ ಆಗಿದ್ದಾಗಿಂದ ನಾನೇ ಸಾಕಿವ್ನಿ. ಏನಂತ ಏಳ್ಲಿ ಏಳಿ?” ಎಂದರು.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನಾನೂ ಅಲ್ಲೇ ಕೂತು ಒಂದು ಕಡ್ಡಿ ತೆಗೆದುಕೊಂಡೆ. ಸ್ವಲ್ಪ ಹೊತ್ತು ನೋಡಿದ ಶೋಭಿತಾ ತಡೆಯಲಾರದೆ ಮುಂದೆ ಬಂದು, “ಅಂಗಲ್ಲ ಮಿಸ್, ಈ ಕಡೀಕ್ ಒಂದ್ ಹಿಡಿ, ಆ ಕಡೀಕ್ ಒಂದ್ ಹಿಡಿ” ಎಂದು ತೋರಿಸಿದಳು. ಗುಂಡಯ್ಯ ನಗುತ್ತಾ, “ಮೇಡಮ್ಮೋರು ಕಟ್ಟಿದ್ದ ಒಳೀಕ್ ಏರ್ಸಿದ್ರೆ ಸೊಪ್ಪು ಬಿಸಿ ಕೊಳವೆ ಮ್ಯಾಲ್ ಬಿದ್ದು ಬ್ಯಾರನ್ನೇ ಉರ್ದೋಯ್ತದೆ, ಬಿಚ್ಚಮ್ಮಿ ಅದ” ಎಂದರು. ಮಾಯಮ್ಮ ನನ್ನ ಕಡ್ಡಿಯನ್ನು ಪೂರಾ ಬಿಚ್ಚಿ ಮತ್ತೆ ಕಟ್ಟಿದರು. ಅವತ್ತು ಮಗು ಮೇಷ್ಟ್ರು, ನಾನು ದಡ್ಡ ವಿದ್ಯಾರ್ಥಿ.

ಎರಡು ದಿನ ಬಿಟ್ಟು ಅವಳು ಸ್ಕೂಲಿಗೆ ಬಂದಳು. ಚೀಟಿಯನ್ನು ಹರಿದು ಬೇರೆ ಬರೆದಿದ್ದೇನೆ, ‘ಮಗುವನ್ನು ಸಾಕುವವರು ಯಾರಾದರೂ’ ಎಂದು. ಶನಿವಾರ ಬರಲಾಗದವರಿಗೆ ನಾನೇ ಸಂಜೆ ಕಾರ್ಡಿನ ಡಬ್ಬಿ ಹಿಡಿದು ಬ್ಯಾರನ್ ಹತ್ತಿರ ಹೋಗುತ್ತೇನೆ. ಹೆಡ್‌ಮಾಸ್ಟರಿಗೆ ಇದು ಅಷ್ಟಾಗಿ ಸೇರದು, ಸ್ಕೂಲಿನ ಸಾಮಾನು ಕಳೆದರೆ ಯಾರು ಜವಾಬ್ದಾರಿ ಎನ್ನುತ್ತಾರೆ. ಕೆಲವು ಮನೆಯವರು ಎಷ್ಟು ಕರೆದರೂ ಬರುವುದಿಲ್ಲ. ಇರಲಿ. ಮಾಯಮ್ಮ ಮಾತ್ರ ಹೋದಾಗಲೆಲ್ಲ ಬೆಲ್ಲದ ಕಾಫಿ ಕೊಡುತ್ತಾರೆ.

ನಿಸರ್ಗಳ ಸ್ಕೂಲಿನಲ್ಲಿ ಮೀಟಿಂಗ್ ಎಂದರೆ ನೀನೇ ಹೋಗು ಅಕ್ಕ, ನೀನೇ ಸಹಿ ಹಾಕು. ಯಾರೂ ಏನೂ ಅನ್ನದಿರಲಿ. ಈ ಕಾಗದ ನಿನ್ನ ಕೈ ಸೇರುವಷ್ಟರಲ್ಲಿ ಗೌರಿ ಹಬ್ಬ ಕಳೆದಿರುತ್ತದೆ. ನಾನು ಬಂದಿರುತ್ತೇನೋ ಇಲ್ಲವೋ ಈಗ ಹೇಳಲಾರೆ.

ಭಾವನಿಗೆ ನಮಸ್ಕಾರ. ಅಶೋಕನಿಗೆ ಆಶೀರ್ವಾದ, ಚೆನ್ನಾಗಿ ಓದಲಿ. ನಿಸರ್ಗಳಿಗೆ ತಲೆ ತುಂಬಾ ಮುತ್ತು. ಅವಳನ್ನು ಸಾಕುತ್ತಿರುವ ನಿನ್ನ ಕೈ ತಣ್ಣಗಿರಲಿ.

ನಿನ್ನ ತಂಗಿ,
ಪ್ರೇಮಕುಮಾರಿ

ಮರೆತೆನೆಂದುಕೊಳ್ಳಬೇಡ, ಬರೆಯಲು ಧೈರ್ಯ ಬೇಕಿತ್ತು. ಹೋದ ಸಲ ಬಂದಾಗ ಬಸ್ ಸ್ಟ್ಯಾಂಡಿನಲ್ಲಿ ನಿಸರ್ಗ ನಿನ್ನ ಕೈ ಹಿಡಿದು ನನಗೆ “ಟಾಟಾ ಚಿಕ್ಕಮ್ಮ” ಎಂದಳಲ್ಲ. ಅಶೋಕ ಕರೆಯುವುದನ್ನು ಕೇಳಿ ಹಾಗೆಂದಳು ಎಂದು ನೀನು ನಕ್ಕೆ, ಆಮೇಲೆ ಅವಳಿಗೆ ಬೈದೆ. ಬೈಯಬೇಡ. ನಾನು ಹೊಳೆನರಸೀಪುರ ಬರುವವರೆಗೂ ಬಸ್ಸಿನಲ್ಲಿ ಸೆರಗು ಬಾಯಿಗೆ ಒತ್ತಿಕೊಂಡಿದ್ದೆ. ಮತ್ತೊಮ್ಮೆ ಬಂದಾಗಲೂ ಹಾಗೆಯೇ ಕರೆದರೆ ಏನು ಮಾಡಲಿ ಎಂಬ ಭಯಕ್ಕೇ ಬರುತ್ತಿಲ್ಲ. ಅವಳು ಹಾಗೆ ಕರೆದ ವಾರವೇ ಬ್ಯಾರನ್ ಹತ್ತಿರ ಮಾಯಮ್ಮ “ನಿಮ್ಗೆಷ್ಟ್ ಮಕ್ಳವ್ವ?” ಎಂದು ಕೇಳಿದರು. ಒಬ್ಬಳಿದ್ದಾಳೆ ಎಂದರೆ ಯಾರ ಹತ್ತಿರ ಎಂದು ಕೇಳುತ್ತಾರೆ. ಇಲ್ಲ ಎಂದುಬಿಟ್ಟೆ ಅಕ್ಕ. ಹೆತ್ತವಳಾಗಿ ಈ ಬಾಯಲ್ಲೇ ಮಕ್ಕಳಿಲ್ಲ ಎಂದೆ. ಮೊನ್ನೆ ಶೋಭಿತಾ ಕಿವಿಯ ಹತ್ತಿರ ಬಂದು ಗುಟ್ಟಿನಲ್ಲಿ ಹೇಳಿದಳು: “ಮಿಸ್, ನಮ್ಮವ್ವ ಮಂಗ್ಳಾರ ಒಪ್ಪತ್ತು ಇರ್ತದೆ. ನಿಮ್ಗೊಂದು ಪಾಪು ಆಗ್ಲಿ ಅಂತ.” ಇಲ್ಲಿಗೆ ಎರಡು ಮಂಗಳವಾರವಾಯಿತು, ಆ ಮುದುಕಿ ಮಾಯಮ್ಮ ಒಂದೇ ಹೊತ್ತು ಉಂಡು ದಿನವಿಡೀ ಸೊಪ್ಪು ಕಟ್ಟುತ್ತಿದ್ದಾಳೆ. ನಾಡಿದ್ದು ಮೂರನೆಯದು.