ಹಣ್ಣಿನ ಗಾಡಿಯ ಕೂಗು

ಜೂನ್ 4, 1974. ಬೆಳಿಗ್ಗೆ

ಬೀನ್ಸಿನ ನಾರು ತೆಗೆದೆ. ಮಂಡಿನೋವು ಹಾಗೇ ಇದೆ. ಮೊಮ್ಮಗ ಕ್ಲಿಫ್ಟನ್ ಮತ್ತೆ ಕುದುರೆ ಲಾಯಕ್ಕೆ ಓಡಿದ. ಅಪ್ಪನ ಮುಖ ಕಂಡವನಲ್ಲ. ಹದಿಮೂರಕ್ಕೇ ಲಗಾಮು ಹಿಡಿಯಬೇಕಂತೆ! ಕುದುರೆ ಗಾಡಿಯಲ್ಲಿ ಹಣ್ಣು ಮಾರುವ ಲೆಮ್ಯುಯಲ್ ಒಂದೇ ಮಾತು ಹೇಳಿದ್ದಾನೆ: "ಮೊದ್ಲು ನಿಂದೇ ಒಂದು ಕೂಗು ಹುಟ್ಲಿ. ಆಮೇಲೆ ಲಗಾಮು."

ಬಾಲ್ಟಿಮೋರಿನ ಈ ಕಪ್ಪು ಗಾಡಿಯವರಿಗೆ ಬೀದಿಯಲ್ಲಿ ಹಣ್ಣು ಮಾರುವ ಕೂಗೇ ಹೆಸರು. ಒಬ್ಬನ ಕೂಗನ್ನು ಇನ್ನೊಬ್ಬ ಮುಟ್ಟುವ ಹಾಗಿಲ್ಲ. ಕಲ್ಲಂಗಡಿ ಮಾರುವುದಕ್ಕೆ ಎಷ್ಟು ಬಿಂಕ...

ಜೂನ್ 11

ಲೆಮ್ಯುಯಲ್‌ಗೆ ನ್ಯುಮೋನಿಯಾ. ಆಸ್ಪತ್ರೆಗೆ ಸೇರಿಸಿದ್ದಾರೆ. ಗಾಡಿ ಈಗ ಅವನ ತಮ್ಮ ರೂಫಸ್‌ನ ಕೈಯಲ್ಲಿ. ಕ್ಲಿಫ್ಟನ್ ಜೊತೆಗೆ ಹೋಗುತ್ತಾನೆ.

ಜೂನ್ 13. ಮಧ್ಯಾಹ್ನ

ಅನಾಹುತ. ಕ್ಲಿಫ್ಟನ್ ನಮ್ಮ ಬೀದಿಯಲ್ಲೇ ಲೆಮ್ಯುಯಲ್‌ನ ಕೂಗು ಹಾಕಿದ. ಅಚ್ಚು ಅದೇ! ಲೆಮ್ಯುಯಲ್‌ನ ಹೆಂಡತಿ ಹ್ಯಾಟಿ ಬರಿಗಾಲಲ್ಲಿ ಓಡಿ ಬಂದಳು — "ಆಸ್ಪತ್ರೆಯಿಂದ ಬಿಟ್ಟು ಕಳಿಸಿದ್ರಾ ನಿನ್ನ?" ನೋಡಿದರೆ ಈ ಪೋರ. ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಅತ್ತಳು.

ರೂಫಸ್ ಇವನನ್ನು ಗಾಡಿಯಿಂದ ಇಳಿಸಿಬಿಟ್ಟ.

ಜೂನ್ 14

ಲಾಯಕ್ಕೆ ಹೋಗಿ ಜಗಳ ತೆಗೆದೆ. "ಏನೋ ರೂಫಸ್, ಗಂಟಲಿಗೂ ಬೇಲಿ ಹಾಕ್ಕೊಂಡಿದ್ದೀರಾ? ತಬ್ಬಲಿ ಮಗು ಕಣೋ!"

ಕುದುರೆಯ ಮೈ ತಿಕ್ಕುವುದನ್ನು ಅವನು ನಿಲ್ಲಿಸಲಿಲ್ಲ. "ತಬ್ಬಲಿ ಅಂತ ಸುಮ್ನೆ ಬಿಟ್ರೆ ಆಗ ತಬ್ಬಲಿ ಆಗ್ತಾನೆ, ಮಿಸ್ ಓಡೆಲ್. ಅಪ್ಪ ಇದ್ದಿದ್ರೆ ಬಯ್ಯೋನು. ಇಲ್ವಲ್ಲ, ನಾವು ಬಯ್ತೀವಿ. ಅತ್ತಿಗೆ ಮುಂದೆ ನಿಂತು ತಪ್ಪಾಯ್ತು ಅನ್ಲಿ. ಆಮೇಲೆ ಬರ್ಲಿ."

"ಬರ್ದೇ ಇದ್ರೆ?"

"ನಾವೇ ಬಂದು ಕರ್ಕೊಂಡು ಹೋಗ್ತೀವಿ."

ಒಬ್ಬಳೇ ಸಾಕುತ್ತಿದ್ದೇನೆ ಅಂದುಕೊಂಡಿದ್ದೆ, ಇಷ್ಟು ವರ್ಷ. ಜಗಳ ಅಲ್ಲಿಗೇ ಬಿಟ್ಟು ಮನೆಗೆ ಬಂದೆ. ನಾನು!

ಜುಲೈ 6, ಶನಿವಾರ. ಬೆಳಿಗ್ಗೆ ಹತ್ತು

ಮೂರು ವಾರ ಬರೆದಿಲ್ಲ. ಕ್ಲಿಫ್ಟನ್ ತಪ್ಪೊಪ್ಪಿಕೊಂಡ. ಹ್ಯಾಟಿ ಬೈದು, ಊಟ ಹಾಕಿ ಕಳಿಸಿದಳಂತೆ. ಲೆಮ್ಯುಯಲ್ ಮನೆಗೆ ಬಂದಿದ್ದಾನೆ, ಸೊರಗಿ ಅರ್ಧ ಆಗಿ. ಹೊದಿಕೆ ಹೊದ್ದು ತನ್ನ ಮನೆ ಬಾಗಿಲಲ್ಲಿ ಕೂತಿದ್ದಾನೆ. ಇವತ್ತು ಕ್ಲಿಫ್ಟನ್‌ನ ಹೊಸ ಕೂಗಿಗೆ ಪರೀಕ್ಷೆ. ಕಿಟಕಿಯಲ್ಲಿ ಕೂತೇ ಬರೆಯುತ್ತಿದ್ದೇನೆ.

ಮೊದಲ ಕೂಗು ನಡುವೆಯೇ ಒಡೆಯಿತು, ಹುಂಜದ ಮರಿಯ ಹಾಗೆ. ಎದುರುಮನೆಯವರು ನಕ್ಕರು. ಅವರಿಗೆ ನಾಲ್ಕು ಬೈಗುಳ ಬಿಡೋಣವೆಂದು ಬಾಯಿ ತೆಗೆದೆ. ಲೆಮ್ಯುಯಲ್ ನನ್ನತ್ತ ಬೆರಳೆತ್ತಿದ. ಮುಚ್ಚಿಕೊಂಡೆ.

"ಇನ್ನೊಂದ್ಸಲ, ಮಗನೇ," ಎಂದ.

ಕ್ಲಿಫ್ಟನ್ ಕೂಗಿದ. ಲೆಮ್ಯುಯಲ್‌ನದಲ್ಲ, ಬೇರೆ ಯಾರದೂ ಅಲ್ಲ. ಕೊನೆಯಲ್ಲಿ ಮತ್ತೆ ಒಡೆಯಿತು. ಈ ಸಲ ನಿಲ್ಲಿಸಲಿಲ್ಲ. ಒಡಕಿನ ಮೇಲೇ ಎತ್ತಿಕೊಂಡು ಹೋದ. ರೂಫಸ್ ಪಕ್ಕಕ್ಕೆ ಸರಿದು ಲಗಾಮು ಕೊಟ್ಟ.

ಗಾಡಿ ನಮ್ಮ ಬಾಗಿಲಿಗೇ ಬಂತು. "ಅಜ್ಜಿ! ಹಣ್ಣು ಬೇಕಾ, ಬೇಡ್ವಾ? ಕುದುರೆ ಕಾಯ್ತಾ ಇದೆ!"

ಮನೆಯಲ್ಲಿ ಹಣ್ಣು ಕೊಳೆಯುವಷ್ಟಿದೆ. ಆದರೂ ಕೆಳಗೆ ಹೋಗಿ, ಇದು ಸಿಹಿ ಇದೆಯೇನೋ ಅಂತ ನಾಲ್ಕು ಜನರ ಮುಂದೆ ಚೌಕಾಸಿ ಮಾಡಿಯೇ ಕೊಳ್ಳಬೇಕು. ಹೊರಟೆ.