ಅಳತೆಗೆ ಹೊಲಿದ ಕಾರು

ಪಿಹ್ಲಕೋಸ್ಕಿ, ಫಿನ್ಲೆಂಡ್
14 ಜೂನ್ 1994

ಪ್ರೀತಿಯ ಮೊಂಡ ರೇಯೊ,

ಹೇಗಿದ್ದೀಯ? ಬೆನ್ನುನೋವು ಇಳಿಯಿತೇ, ಇಲ್ಲಾ ಹಡಗಿನ ಎಂಜಿನ್ ಕೋಣೆಯಲ್ಲಿ ಬಗ್ಗಿ ಬಗ್ಗಿ ಇನ್ನೂ ಹೆಚ್ಚಾಗಿದೆಯೇ? ಹೊತ್ತು ಹೊತ್ತಿಗೆ ತಿನ್ನುತ್ತಿದ್ದೀಯ ತಾನೆ? ಇಲ್ಲಿ ನಾನೂ ಅತ್ತೆಯೂ ಚೆನ್ನಾಗಿದ್ದೇವೆ, ಸೊಳ್ಳೆ ಕಡಿತವೊಂದನ್ನು ಬಿಟ್ಟರೆ. ಪ್ರತಿ ಶನಿವಾರ ಹಬೆಸ್ನಾನಕ್ಕೆ ಸೌನಾ ಕಾಯಿಸಿ ಬೆವರುತ್ತಾ ಕೂತಾಗ ಅತ್ತೆ, "ಪಾಪ, ನನ್ನ ಮಗನಿಗೆ ಅಲ್ಲಿ ಬೆನ್ನು ಉಜ್ಜೋರು ಯಾರಿದ್ದಾರೋ" ಎಂದು ನನ್ನ ಕಡೆಯೇ ನೋಡುತ್ತಾರೆ. ನಾನೇ ನಿನ್ನನ್ನು ಸಮುದ್ರಕ್ಕೆ ದಬ್ಬಿದ ಹಾಗೆ!

ಮೂರು ತಿಂಗಳಿಂದ ಯಾಕೆ ಕಾಗದ ಬರೆಯಲಿಲ್ಲ ಎಂದು ಕೇಳಿದ್ದೀಯ. ಗೊತ್ತಿದ್ದೂ ಕೇಳುತ್ತೀಯಲ್ಲ, ಏನೆನ್ನಲಿ. ಹೊರಡುವ ದಿನ ಶೆಡ್ಡಿನಲ್ಲಿ ಕೈ ಒರೆಸಿಕೊಳ್ಳುತ್ತಾ ನೀನು ಅಂದದ್ದು ನೆನಪಿದೆಯೇ? "ಗೆಲ್ಲೋದು ಕಾರು ಕಣೇ ತೂಲಿಕ್ಕಿ, ನೀನು ಅದರಲ್ಲಿ ಕೂತಿರ್ತೀಯ ಅಷ್ಟೆ." ನೀನು ನಕ್ಕೆ. ನನಗೆ ನಗು ಬರಲಿಲ್ಲ. ಮರ ಕೊಯ್ಯುವ ಗಿರಣಿಯ ಕಾಲೆರ್ವೊ ಪ್ರತಿ ಕಾರು ಓಟದಲ್ಲೂ ನನ್ನ ಹಿಂದೆ ಎರಡನೆಯವನಾಗಿ ಬಂದು, "ರೇಯೊ ಕಾರಲ್ಲಿ ಆಲೂಗಡ್ಡೆ ಮೂಟೆ ಕೂರಿಸಿದ್ರೂ ಗೆಲ್ಲತ್ತೆ" ಎಂದು ಊರೆಲ್ಲ ಸಾರುತ್ತಾನೆ. ಅವನ ಹೊಟ್ಟೆಯುರಿ, ಹೋಗಲಿ ಎಂದು ನುಂಗಿಕೊಂಡಿದ್ದೆ. ಅದೇ ಮಾತು ನಿನ್ನ ಬಾಯಿಂದ ಬಂದಾಗ ನುಂಗಲಾಗಲಿಲ್ಲ. ಆಮೇಲೆ ಗೆದ್ದಾಗಲೂ ಇದು ನನ್ನದೋ, ನಿನ್ನದೋ ಎಂಬ ಗುಮಾನಿ ಬಿಡಲಿಲ್ಲ. ಅದೊಂದನ್ನು ತಿಳಿಯದೆ ನಿನಗೆ ಏನು ಬರೆಯಲಿ?

ಮೇ ಕೊನೆಯ ಭಾನುವಾರ ಜಲ್ಲಿಗುಂಡಿಯ ಓಟದಲ್ಲಿ ಮತ್ತೆ ಗೆದ್ದೆ. ನಮ್ಮ ಜನಸಾಮಾನ್ಯರ ಓಟದ ಕಟ್ಟಳೆ ನಿನಗೆ ಹೇಳಬೇಕೇ? ಓಟ ಮುಗಿದ ಮೇಲೆ ಓಡಿಸಿದವರಲ್ಲಿ ಯಾರು ಯಾರ ಕಾರನ್ನು ಬೇಕಾದರೂ ಗೊತ್ತುಪಡಿಸಿದ ಅಗ್ಗದ ಬೆಲೆಗೆ ಚೀಟಿ ಹಾಕಿ ಕೇಳಬಹುದು. ಕೊಡುವುದಿಲ್ಲ ಎಂದರೆ ಓಟದ ಪರವಾನಗಿಯೇ ಹೋಯಿತು. ದುಡ್ಡಿದ್ದವನಲ್ಲ, ಕೈ ಪಳಗಿದವನು ಗೆಲ್ಲಲಿ ಎಂದು ತಾನೆ ಹಿರಿಯರು ಇದನ್ನು ಮಾಡಿದ್ದು. ಆದರೂ ನಿನ್ನ ಮೇಲಿನ ಮರ್ಯಾದೆಗೆ ಆರು ವರ್ಷ ಯಾರೂ ನಮ್ಮ ಕೆಂಪು ಕಾರಿಗೆ ಚೀಟಿ ಹಾಕಿರಲಿಲ್ಲ. ಈ ಸಲ ಕಾಲೆರ್ವೊ ಹಾಕಿಬಿಟ್ಟ. "ಕೊಡ್ತೀಯೋ, ಪರವಾನಗಿ ಬಿಡ್ತೀಯೋ?" ಎಂದು ಹಲ್ಲು ಕಿರಿದ. "ತಗೊಂಡ್ಹೋಗು ಮಾರಾಯ" ಎಂದೆ. ನಿಜ ಹೇಳಲೇ, ರೇಯೊ? ಸಹಿ ಮಾಡುವಾಗ ಮನಸ್ಸು ಹಗುರವಾಯಿತು. ಆ ಗಳಿಗೆಯಲ್ಲೇ ಅವನ ನೀಲಿ ಕಾರಿಗೆ ನಾನೂ ಒಂದು ಚೀಟಿ ಹಾಕಿದೆ. ಅವನೂ ಸಹಿ ಹಾಕಲೇಬೇಕಾಯಿತು. ಮಗ ಕಟ್ಟಿದ ಕಾರನ್ನು ಕೊಟ್ಟುಬಿಟ್ಟೆನೆಂದು ಅತ್ತೆ ಎರಡು ದಿನ ನನ್ನ ಜೊತೆ ಮಾತು ಬಿಟ್ಟರು.

ಮೊನ್ನೆ ಭಾನುವಾರ ನಾನು ಅವನ ಕಾರಿನಲ್ಲಿ, ಅವನು ನಿನ್ನ ಕಾರಿನಲ್ಲಿ. ಊರಿಗೆ ಊರೇ ಬೇಲಿಯ ಹತ್ತಿರ ನೆರೆದಿತ್ತು. ಕಾಲೆರ್ವೊ ಎರಡನೇ ತಿರುವಿನಲ್ಲೇ ಗಿರ್ರನೆ ತಿರುಗಿ ಬಂದ ದಾರಿಗೇ ಮುಖ ಮಾಡಿ ನಿಂತ. ಮತ್ತೊಂದು ಸುತ್ತಿನಲ್ಲೂ ಅದೇ ಕಥೆ. ಓಟ ಮುಗಿದದ್ದೇ ಸೀದಾ ನನ್ನ ಬಳಿ ಬಂದು, "ಏನೇ, ನಿನ್ನ ಗಂಡ ಇದಕ್ಕೆ ಯಾವ ದೆವ್ವ ಹಿಡಿಸಿದ್ದಾನೆ? ಬ್ರೇಕ್ ಒತ್ತಿದ್ರೆ ಹಿಂಭಾಗ ಮುಂದಕ್ಕೆ ಬರತ್ತಲ್ಲೇ!" ಎಂದು ಕೂಗಾಡಿದ. ಇಬ್ಬರೂ ಕಾರಿನ ಕೆಳಗೆ ತೂರಿ ನೋಡಿದೆವು. ಹಿಂದಿನ ಬ್ರೇಕ್ ಬಿಗಿ, ಮುಂದಿನದು ಸಡಿಲ. ಅವನು ಮಲಗಿದ್ದಲ್ಲೇ ಎರಡೂ ಕಡೆಯ ಬ್ರೇಕನ್ನು ಮುಟ್ಟಿ ನೋಡಿದ. ಆಮೇಲೆ ಅಂದ: "ನೀನು ತಿರುವು ಬರೋಕೆ ಮೊದಲೇ ಹೆದರಿ ಬ್ರೇಕ್ ಒತ್ತಿ, ಒತ್ಕೊಂಡೇ ಒಳಗೆ ಹೋಗ್ತೀಯ. ಬೇರೆ ಕಾರಾದ್ರೆ ತಿರುಗದೆ ನೇರ ಹೋಗತ್ತೆ, ಹಾಗೆ ಓಡಿಸೋರಿಗೆ ಮಾತ್ರ ಇದು ಸರಿಯಾಗಿ ತಿರುಗತ್ತೆ. ಇದು ನಿನ್ನ ಅಳತೆಗೆ ಹೊಲಿದ ಅಂಗಿ ಕಣೇ, ನನ್ನ ಮೈಗೆ ಹಿಡಿಸಲ್ಲ." ಆಲೂಗಡ್ಡೆ ಮೂಟೆಯ ಮಾತು ಅವತ್ತಿಂದ ನಿಂತಿದೆ.

ಆರು ವರ್ಷ ನೀನು ಬೇಲಿಗೆ ಒರಗಿ ನಿಂತು ಕಾರು ನೋಡುತ್ತೀಯ ಎಂದುಕೊಂಡಿದ್ದೆ. ನೀನು ನೋಡುತ್ತಿದ್ದದ್ದು ನನ್ನ ಕಾಲನ್ನು. ಎದ್ದು ಬಂದು ಹಿಡಿದ ಕಾಫಿ ಕೈಯಲ್ಲೇ ಆರಿಹೋಯಿತು, ಅಷ್ಟು ಜನರ ಮುಂದೆ ಅಳು ಬಂತು. ನಿನ್ನ ಮೇಲೆ ಇಷ್ಟು ಪ್ರೀತಿಯೂ ಇಷ್ಟು ಸಿಟ್ಟೂ ಒಟ್ಟಿಗೆ ಎಂದೂ ಬಂದಿರಲಿಲ್ಲ.

ಅತ್ತೆ ಉಣ್ಣೆಯ ಕಾಲುಚೀಲ ಕಳಿಸಿದ್ದಾರೆ, ಜೂನಿನಲ್ಲಿ ಯಾಕೆ ಎಂದು ಕೇಳಬೇಡ. ದೇವರು ನಿನ್ನ ಬೆನ್ನನ್ನೂ ಆ ಹಡಗನ್ನೂ ಕಾಯಲಿ.

ನಿನ್ನ,
ತೂಲಿಕ್ಕಿ

ಮರೆತಿದ್ದು: ಅಂಚೆಯವನು ಬಾಗಿಲಲ್ಲಿ ನಿಂತಿದ್ದಾನೆ. ಭಾನುವಾರ ನಾನು ಏನಾದೆ ಎಂದು ಬರೆಯಲೇ ಇಲ್ಲ. ಆರು ಜನರಲ್ಲಿ ಐದನೆಯವಳು. ಆರನೆಯವನ ಕಾರಿನ ಚಕ್ರ ಕಳಚಿ ಬಿದ್ದಿತ್ತು. ಪ್ರತಿ ತಿರುವಿನಲ್ಲೂ ನೀಲಿ ಕಾರು ನೇರ ಜಲ್ಲಿಗುಡ್ಡೆಗೆ ನುಗ್ಗಿತು. ನನ್ನ ತಪ್ಪು ನಿನಗೆ ಮೊದಲಿಂದ ಗೊತ್ತಿತ್ತು. ನೊಂದುಕೊಳ್ಳುತ್ತಾಳೆ ಎಂದು ಸುಮ್ಮನಿದ್ದೆಯೋ, ಕಲಿಯಲಾರಳು ಎಂದೋ? ಯಾವುದಾದರೂ ಸರಿ, ನಿಜ ಬರೆ. ಇನ್ನು ಮುಂದೆ ನನ್ನ ತಪ್ಪನ್ನು ಕಾರಿನಲ್ಲಿ ತಿದ್ದಬೇಡ, ರೇಯೊ. ನನಗೆ ಹೇಳು.